ಸ್ಲೈಡ್ ಸ್ಕ್ಯಾನರ್ ಕೊಳ್ಳುವ ಮುಂಚೆ: ಮೂರು ಊರಿಗೂ ಒಂದೇ ಪೆಟ್ಟಿಗೆ, ಒಂದೇ ಅಳತೆ

ಗಾಜಿನ ಸ್ಲೈಡ್ ಮೇಲಿನ ಟಿಶ್ಯೂವನ್ನು (ದೇಹದಿಂದ ತೆಗೆದ ಅಂಗಾಂಶದ ಚೂರು) ಹಿಗ್ಗಿಸಿ ಫೋಟೋ ತೆಗೆದು ಪರದೆ ಮೇಲೆ ತೋರಿಸುವ ಯಂತ್ರವೇ ಸ್ಲೈಡ್ ಸ್ಕ್ಯಾನರ್. ಬೆಳಗಾವಿಯಲ್ಲಿ ಒಂದು ಕಂಪನಿಯ ಡೆಮೊ ನೋಡುತ್ತೀರಿ. ತಿಂಗಳು ಬಿಟ್ಟು ಬಾಗಲಕೋಟೆಯಲ್ಲಿ ಇನ್ನೊಂದು ಕಂಪನಿಯದು. ಮಳೆಗಾಲ ಕಳೆದ ಮೇಲೆ ವಿಜಯಪುರದಲ್ಲಿ ಮೂರನೆಯದು. ಮೂರೂ ಕಡೆ ಪರದೆ ಮೇಲೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಆದರೆ ಒಂದು ಕಡೆ ತೋರಿಸಿದ್ದು ಕಿಡ್ನಿ, ಇನ್ನೊಂದು ಕಡೆ ಲಿವರ್. ಒಂದು ಕಡೆ 20ಎಕ್ಸ್ ಹಿಗ್ಗಿಸಿದ್ದು, ಇನ್ನೊಂದು ಕಡೆ 40ಎಕ್ಸ್. ಮಾನಿಟರ್ ಬೇರೆ, ಸ್ಲೈಡ್ ಮಾಡಿದ ಟೆಕ್ನೀಶಿಯನ್ ಬೇರೆ. ಒಬ್ಬ ಹುಡುಗನಿಗೆ ಒಂದು ಪ್ರಶ್ನೆಪತ್ರಿಕೆ, ಇನ್ನೊಬ್ಬನಿಗೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಹೋಲಿಸಿದ ಹಾಗಾಯಿತು. ಇಷ್ಟರ ಮೇಲೆ ಯಾವ ಸ್ಕ್ಯಾನರ್ ಒಳ್ಳೆಯದು ಅಂತ ಯಾರೂ ಹೇಳಲಾರರು, ಆದರೂ ಎಷ್ಟೋ ಕಡೆ ಇದನ್ನೇ ನಂಬಿ ದೊಡ್ಡ ಮೊತ್ತದ ಆರ್ಡರ್ ಕೊಡುತ್ತಾರೆ.

ಈ ಮೂರೂ ಊರಲ್ಲಿ ಮೆಡಿಕಲ್ ಕಾಲೇಜುಗಳಿವೆ, ಟಿಶ್ಯೂ ನೋಡಿ ರೋಗ ಗುರುತಿಸುವ ಪೆಥಾಲಜಿ ವಿಭಾಗಗಳಿವೆ, ಒಬ್ಬರಿಗೊಬ್ಬರು ಪರಿಚಯ ಇರುವವರೇ. ಹಾಗಾಗಿ ನಾನು ಹೇಳುವ ಕೆಲಸ ಕಷ್ಟದ್ದಲ್ಲ. ಒಂದೇ ಸ್ಲೈಡ್ ಪೆಟ್ಟಿಗೆ, ಒಂದೇ ಸೆಟ್ಟಿಂಗ್, ಒಂದೇ ಅಂಕಪಟ್ಟಿ. ಯಾವ ಸ್ಕ್ಯಾನರ್ ಯಾವ ಊರಿಗೆ ಬಂದರೂ ಪೆಟ್ಟಿಗೆ ಅಲ್ಲಿಗೆ ಹೋಗಲಿ. ಅದನ್ನು ಹೇಗೆ ಮಾಡೋದು ಅಂತ ಕ್ರಮವಾಗಿ ಬರೆಯುತ್ತೇನೆ.

ಮೊದಲು: ಯಾತಕ್ಕೆ ಬೇಕು ಅಂತ ಬರೆದುಕೊಳ್ಳಿ

ಪಿಜಿ ವಿದ್ಯಾರ್ಥಿಗಳಿಗೆ ಪಾಠ ಮಾಡೋಕಾ? ಬೆಂಗಳೂರಿನ ತಜ್ಞರ ಎರಡನೇ ಅಭಿಪ್ರಾಯಕ್ಕಾ? ಅಥವಾ ದಿನದ ರಿಪೋರ್ಟನ್ನೇ ಪರದೆ ನೋಡಿ ಕೊಡಬೇಕಾ? ಮೂರಕ್ಕೂ ಬೇಡಿಕೆ ಬೇರೆ ಬೇರೆ. ಪಾಠಕ್ಕೆ 20ಎಕ್ಸ್ ಸಾಕಾಗಬಹುದು, ಅಂದರೆ ಪಿಕ್ಸೆಲ್ಲಿಗೆ (ಚಿತ್ರದ ಒಂದು ಚುಕ್ಕಿಗೆ) ಸುಮಾರು 0.5 ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲಿ ಒಂದು ಭಾಗವೇ ಒಂದು ಮೈಕ್ರಾನ್). ರಿಪೋರ್ಟ್ ಕೊಡುವುದಾದರೆ ಬಹಳಷ್ಟು ಕೆಲಸಕ್ಕೆ 40ಎಕ್ಸ್, ಅಂದರೆ ಸುಮಾರು 0.25 ಮೈಕ್ರಾನ್ ಬೇಕೆನಿಸುತ್ತದೆ. ಕೊಟೇಶನ್‌ನಲ್ಲಿ 40ಎಕ್ಸ್ ಅಂತ ಬರೆದಿದ್ದರೆ ಸುಮ್ನೆ ಒಪ್ಪಬೇಡಿ, ಪಿಕ್ಸೆಲ್ಲಿಗೆ ಎಷ್ಟು ಮೈಕ್ರಾನ್ ಅಂತ ಕೇಳಿ. ಆ ಸಂಖ್ಯೆಯನ್ನೇ ಹೋಲಿಸಬೇಕು.

ಇದೇ ಹಂತದಲ್ಲಿ ಪಾಸ್ ಆಗೋಕೆ ಎಷ್ಟು ಬೇಕು ಅಂತಲೂ ತೀರ್ಮಾನಿಸಿ. ಟಿಶ್ಯೂ ಬಿಟ್ಟುಹೋದರೆ ಎಷ್ಟು ಸ್ಲೈಡ್‌ವರೆಗೆ ಸಹಿಸುತ್ತೀರಿ, ದಿನಕ್ಕೆ ಎಷ್ಟು ಸ್ಲೈಡ್ ಮುಗಿಯಬೇಕು, ಎಲ್ಲವನ್ನೂ. ಯಂತ್ರ ನೋಡಿದ ಮೇಲೆ ಬರೆದ ಮಾನದಂಡ ಮಾನದಂಡವೇ ಅಲ್ಲ, ಇಷ್ಟವಾದ ಯಂತ್ರಕ್ಕೆ ತಕ್ಕ ಹಾಗೆ ಅದು ತಾನಾಗಿಯೇ ಬಾಗುತ್ತದೆ. ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಫೈಲಿನಲ್ಲಿಟ್ಟುಬಿಡಿ.

ಪೆಟ್ಟಿಗೆ ಕಟ್ಟುವುದು

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಹಾಕಿ. ಕಂಪನಿಯವರು ತರುವ ಸ್ಲೈಡ್ ತೆಳ್ಳಗೆ, ಚೊಕ್ಕ, ಸಪಾಟು. ಅದರ ಮೇಲೆ ಯಾವ ಸ್ಕ್ಯಾನರ್ ಬೇಕಾದರೂ ಚೆನ್ನಾಗಿ ಓಡುತ್ತದೆ. ನಮ್ಮ ಲ್ಯಾಬಿನ ಸೋಮವಾರದ ಸ್ಲೈಡ್ ಹಾಗಿರೋದಿಲ್ಲ, ಅಲ್ವಾ?

ನೂರು ಸ್ಲೈಡ್ ಹಿಡಿಯುವ ಮಾಮೂಲಿ ಪೆಟ್ಟಿಗೆ ತೆಗೆದುಕೊಳ್ಳಿ. ಅರ್ಧದಷ್ಟನ್ನು ದಿನದ ಕೆಲಸದಿಂದ ಸಾಲಾಗಿ ಎತ್ತಿ. ಆರಿಸಬೇಡಿ, ಬಂದ ಕ್ರಮದಲ್ಲೇ ಐವತ್ತು. ಇನ್ನರ್ಧ ಬೇಕಂತಲೇ ಕಷ್ಟದವು. ಎಚ್ ಪೈಲೋರಿ (ಹೊಟ್ಟೆಯಲ್ಲಿ ಸೇರುವ ಬ್ಯಾಕ್ಟೀರಿಯಾ) ಇರುವ ಹೊಟ್ಟೆಯ ಬಯಾಪ್ಸಿ ಇರಲಿ. ಕ್ಷಯದ ಲಿಂಫ್ ನೋಡಿನ ಜೆಡ್‌ಎನ್ ಸ್ಟೇನ್ (ಕ್ಷಯದ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕುವ ವಿಧಾನ) ಇರಲಿ, ಅದನ್ನು ನಾವು ಎಣ್ಣೆ ಹಾಕಿ 100ಎಕ್ಸ್‌ನಲ್ಲಿ ನೋಡಿ ರೂಢಿ, ಸ್ಕ್ಯಾನರ್ 40ಎಕ್ಸ್‌ನಲ್ಲಿ ಎಷ್ಟು ತೋರಿಸುತ್ತದೆ ಅಂತ ಗೊತ್ತಾಗಬೇಕು. ಬಣ್ಣ ಮಸುಕಾಗಿ ಕೂತ ಇಆರ್ (ಸ್ತನ ಕ್ಯಾನ್ಸರ್‌ನಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಹುಡುಕುವ ಪರೀಕ್ಷೆ) ಸ್ಲೈಡ್ ಇರಲಿ. ಶೇ. 1ರಷ್ಟು ನ್ಯೂಕ್ಲಿಯಸ್‌ಗೆ ಬಣ್ಣ ಬಂದರೂ ಪಾಸಿಟಿವ್ ಅಂತ ಬರೆಯಬೇಕಾದ ಪರೀಕ್ಷೆ ಅದು, ಆ ತಿಳಿ ಕಂದು ಪರದೆ ಮೇಲೆ ಮಾಯವಾದರೆ ರೋಗಿಯ ಚಿಕಿತ್ಸೆಯೇ ಬದಲಾಗುತ್ತದೆ. ಕೊಬ್ಬು ಜಾಸ್ತಿ ಇರುವ ಬ್ರೆಸ್ಟ್ ಸೆಕ್ಷನ್ (ಟಿಶ್ಯೂನ ತೆಳ್ಳಗೆ ಕತ್ತರಿಸಿದ ಪದರ), ಅಲ್ಲೊಂದು ಇಲ್ಲೊಂದು ಚೂರು ಬಿದ್ದಿರುವ ಎಂಡೋಸ್ಕೋಪಿ ಬಯಾಪ್ಸಿ, ಬೋನ್ ಮ್ಯಾರೋ, ಮೈಟೋಸಿಸ್ (ವಿಭಜನೆಯಲ್ಲಿರುವ ಕೋಶ) ಎಣಿಸಬೇಕಾದ ಗಡ್ಡೆ, ಎಫ್‌ಎನ್‌ಎಸಿ (ಸೂಜಿಯಿಂದ ತೆಗೆದ ಕೋಶಗಳು), ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕೋಶಗಳು) ಇವೂ ಬೇಕು. ನಮ್ಮ ಕಡೆ ತಂಬಾಕು, ಗುಟ್ಕಾ ಹಾಕುವವರು ಬಹಳ, ಬಾಯಿ ಕ್ಯಾನ್ಸರ್ ಸ್ಲೈಡುಗಳನ್ನಂತೂ ಮರೆಯಲೇಬೇಡಿ.

ಹದಿನೈದು ಸ್ಲೈಡಾದರೂ ಕೆಟ್ಟದಾಗಿ ತಯಾರಾದವು ಇರಬೇಕು. ಮಡಚಿಕೊಂಡ ಸೆಕ್ಷನ್, ಕವರ್‌ಸ್ಲಿಪ್ (ಮೇಲೆ ಮುಚ್ಚುವ ತೆಳು ಗಾಜು) ಕೆಳಗೆ ಗುಳ್ಳೆ, ಅಂಚಿನಲ್ಲಿ ಡಿಪಿಎಕ್ಸ್ (ಅದನ್ನು ಕೂರಿಸುವ ಅಂಟು) ಹರಿದು ಗಟ್ಟಿಯಾದದ್ದು, ಕವರ್‌ಸ್ಲಿಪ್ ಗಾಜಿನ ಹೊರಗೆ ಚಾಚಿದ್ದು, ಲೇಬಲ್ ಸೊಟ್ಟಗೆ ಅಂಟಿದ್ದು, ಮೇಲೆ ಪೆನ್ನಿನ ಗುರುತು ಇರುವುದು. ದಿನಾ ಬರುವುದು ಇವೇ, ಸ್ಕ್ಯಾನರ್ ಸಿಕ್ಕಿಹಾಕಿಕೊಳ್ಳುವುದೂ ಇವುಗಳಲ್ಲೇ.

ಕಾಂಗೋ ರೆಡ್ ಬಣ್ಣ ಹಾಕಿದ ಅಮಿಲಾಯ್ಡ್ (ಟಿಶ್ಯೂನಲ್ಲಿ ಸೇರಿಕೊಂಡ ಅಸಹಜ ಪ್ರೋಟೀನ್) ಸ್ಲೈಡನ್ನು ಮಾತ್ರ ಅಂಕಕ್ಕೆ ಸೇರಿಸಬೇಡಿ. ಹಸಿರು ಹೊಳಪು ನೋಡೋಕೆ ಪೋಲರೈಸ್ಡ್ ಬೆಳಕು ಬೇಕು, ಸಾಮಾನ್ಯ ಸ್ಕ್ಯಾನರ್‌ಗಳಲ್ಲಿ ಅದಿಲ್ಲ. ಅದಕ್ಕೆ ಮೈಕ್ರೋಸ್ಕೋಪೇ ಗತಿ.

ಈಗ ಲೇಬಲ್. ಪ್ರತಿ ಸ್ಲೈಡಿನ ಹಳೆ ಲೇಬಲ್ ಮುಚ್ಚಿ ಬರೀ ಕೋಡ್ ನಂಬರ್ ಇರುವ ಲೇಬಲ್ ಅಂಟಿಸಿ. ಬಹಳ ಜನಕ್ಕೆ ಗೊತ್ತಿರದ ಸಂಗತಿ ಏನಂದರೆ, ಸ್ಕ್ಯಾನರ್ ಟಿಶ್ಯೂ ಜೊತೆಗೆ ಲೇಬಲ್ಲಿನ ಫೋಟೋವನ್ನೂ ತೆಗೆದು ಅದೇ ಫೈಲಿನೊಳಗೆ ಇಡುತ್ತದೆ. ಫೈಲಿನ ಹೆಸರು ಬದಲಿಸಿದರೂ ಒಳಗೆ ರೋಗಿಯ ಹೆಸರು ಹಾಗೇ ಇರುತ್ತದೆ. ಡೆಮೊ ಮುಗಿದ ಮೇಲೆ ಆ ಫೈಲುಗಳು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಹೋಗುತ್ತವೆ. ನೈತಿಕ ಸಮಿತಿಯ ಅನುಮತಿ ಮೊದಲೇ ತೆಗೆದುಕೊಳ್ಳಿ, 2023ರ ಡಿಜಿಟಲ್ ಖಾಸಗಿ ಮಾಹಿತಿ ರಕ್ಷಣಾ ಕಾಯ್ದೆಯೂ ಇದೆ ಅನ್ನುವುದು ಮನಸ್ಸಿನಲ್ಲಿರಲಿ.

ಪೆಟ್ಟಿಗೆಯನ್ನು ಬಿಸಿಲು ಬೀಳದ ಕಪಾಟಿನಲ್ಲಿಡಿ, ಬೆಳಕಿಗೆ ಬಣ್ಣ ಮಾಸುತ್ತದೆ. ಒಂದೂರಿಂದ ಇನ್ನೊಂದೂರಿಗೆ ಯಾರಾದರೂ ಕೈಯಲ್ಲೇ ಹಿಡಿದು ಒಯ್ಯಲಿ, ಕೊರಿಯರ್ ಬೇಡ. ಆದರೂ ಗಾಜು ಗಾಜೇ. ಅದೇ ಬ್ಲಾಕಿನಿಂದ (ಟಿಶ್ಯೂ ಹುದುಗಿಸಿದ ಮೇಣದ ತುಂಡು) ಪಕ್ಕದ ಸೆಕ್ಷನ್ ಕತ್ತರಿಸಿ ಬದಲಿ ಸ್ಲೈಡ್ ಮಾಡಿಟ್ಟಿರಿ. ಬದಲಿ ಹಾಕಿದರೆ ಪಟ್ಟಿಯಲ್ಲಿ ಬರೆಯಿರಿ.

ಡೆಮೊ ದಿನ

ಸ್ಕ್ಯಾನ್ ಶುರು ಮಾಡುವ ಮೊದಲು ಸೆಟ್ಟಿಂಗ್ ಎಲ್ಲಾ ಬರೆದುಕೊಳ್ಳಿ: ಎಷ್ಟು ಮೈಕ್ರಾನ್, ಫೋಕಸ್ ಒಂದೇ ಪದರದಲ್ಲೋ ಹಲವು ಪದರಗಳಲ್ಲೋ, ಕಂಪ್ರೆಷನ್ ಎಷ್ಟು, ಶಾರ್ಪನಿಂಗ್ (ಚಿತ್ರದ ಅಂಚುಗಳನ್ನು ಕೃತಕವಾಗಿ ಚೂಪು ಮಾಡುವುದು) ಇದೆಯೋ ಇಲ್ಲವೋ, ಸಾಫ್ಟ್‌ವೇರ್ ಯಾವ ಆವೃತ್ತಿ. ಆಮೇಲೆ ನಮ್ಮ ಟೆಕ್ನೀಶಿಯನ್ನೇ ಟ್ರೇ ತುಂಬಲಿ. ಕಂಪನಿಯವರು ಪಕ್ಕದಲ್ಲಿ ಕೂತು ಹೇಳಿಕೊಡಲಿ, ಕೈ ಹಾಕಬಾರದು. ನಾಳೆ ಆ ಯಂತ್ರ ಓಡಿಸುವವರು ನಮ್ಮ ಹುಡುಗರೇ.

ಸ್ಲೈಡನ್ನು ಒರೆಸುವುದಾದರೆ ಎಲ್ಲಾ ಸ್ಕ್ಯಾನರ್‌ಗೂ ಮೊದಲು ಒರೆಸಿ, ಇಲ್ಲಾಂದ್ರೆ ಯಾವುದಕ್ಕೂ ಬೇಡ.

ಸಮಯ ಅಳೆಯುವಾಗ ಬಹಳ ಗೊಂದಲ ಆಗುತ್ತದೆ. ಬ್ರೋಷರ್‌ನಲ್ಲಿ ಬರುವ ವೇಗ ಸಾಮಾನ್ಯವಾಗಿ 15×15 ಮಿ.ಮೀ. ಜಾಗಕ್ಕೆ, ಎಷ್ಟೋ ಸಲ 20ಎಕ್ಸ್‌ನಲ್ಲಿ. 40ಎಕ್ಸ್ ಅಂದರೆ ನಾಲ್ಕು ಪಟ್ಟು ಪಿಕ್ಸೆಲ್. ನೀವು ಗಡಿಯಾರ ಒತ್ತಬೇಕಾದದ್ದು ಟ್ರೇ ಒಳಗೆ ಹೋದ ಕ್ಷಣಕ್ಕೆ, ನಿಲ್ಲಿಸಬೇಕಾದದ್ದು ಕೊನೆಯ ಸ್ಲೈಡಿನ ಚಿತ್ರ ಪರದೆ ಮೇಲೆ ತೆರೆದಾಗ. ಮಧ್ಯೆ ಕೆಟ್ಟದ್ದನ್ನು ತೆಗೆದು ಮತ್ತೆ ಸ್ಕ್ಯಾನ್ ಮಾಡಿದ್ದೂ ಅದರಲ್ಲೇ ಸೇರಬೇಕು. ಒಂದು ಸ್ಲೈಡಿಗೆ ಎಲ್ಲಾ ಸೇರಿ 3 ನಿಮಿಷ ಅಂದುಕೊಂಡರೂ, ದಿನಕ್ಕೆ 120 ಸ್ಲೈಡ್ ಇರುವ ಲ್ಯಾಬಿಗೆ 6 ಗಂಟೆ. ಬೆಳಿಗ್ಗೆ ಸ್ಟೇನ್ ಆಗಿ ಬಂದ ಸ್ಲೈಡ್ ಸಂಜೆ ಹೊತ್ತಿಗೆ ಡಾಕ್ಟರ ಕೈಗೆ ಸಿಕ್ಕರೆ ರಿಪೋರ್ಟ್ ಒಂದು ದಿನ ತಡ ಆಗುತ್ತದೆ.

ಮೊದಲ ಸಲಕ್ಕೇ ಸರಿಯಾಗಿ ಬಂದ ಸ್ಲೈಡ್ ಎಷ್ಟು ಅಂತ ಎಣಿಸಿ. ಬಾರದಿದ್ದಕ್ಕೆ ಕಾರಣ ಬರೆಯಿರಿ: ಟಿಶ್ಯೂ ಬಿಟ್ಟಿತು, ಫೋಕಸ್ ತಪ್ಪಿತು, ಚಿತ್ರದ ತುಂಡುಗಳ ಜೋಡಣೆ ತಪ್ಪಿತು, ಬಾರ್‌ಕೋಡ್ ಓದಲಿಲ್ಲ, ಸ್ಲೈಡ್ ಸಿಕ್ಕಿಬಿತ್ತು. ಇಲ್ಲಿ ಲೆಕ್ಕದ ಒಂದು ಎಚ್ಚರಿಕೆ. ನೂರಕ್ಕೆ ನೂರೂ ಸರಿ ಬಂದರೂ ಆ ಯಂತ್ರ ತಪ್ಪೇ ಮಾಡಲ್ಲ ಅಂತ ಅರ್ಥವಲ್ಲ. ನೂರರಲ್ಲಿ ಸೊನ್ನೆ ತಪ್ಪು ಕಂಡರೆ, ನಿಜವಾದ ತಪ್ಪಿನ ಪ್ರಮಾಣ ಶೇ. 3ರವರೆಗೂ ಇರಬಹುದು ಅನ್ನುತ್ತದೆ ಅಂಕಿಅಂಶ ಶಾಸ್ತ್ರ. ಹಾಗಾಗಿ ಒಂದು ಯಂತ್ರ 98, ಇನ್ನೊಂದು 99 ಅಂತ ಬಂದರೆ ಅದನ್ನು ವ್ಯತ್ಯಾಸ ಅಂತ ಕರೆಯಬೇಡಿ. 99 ಮತ್ತು 85 ಆದರೆ ಬೇರೆ ಮಾತು.

ಹತ್ತು ಸ್ಲೈಡನ್ನು ಮೂರು ಸಲ ಸ್ಕ್ಯಾನ್ ಮಾಡಿಸಿ, ಪ್ರತಿ ಸಲ ಹೊರಗೆ ತೆಗೆದು ಮತ್ತೆ ಹಾಕಿ, ಸಾಧ್ಯವಾದರೆ ಬೇರೆ ಬೇರೆ ದಿನ. ಒಂದೇ ಸ್ಲೈಡ್ ಮೂರು ಸಲ ಮೂರು ಥರ ಬಂದರೆ ಆ ಯಂತ್ರದ ಉಳಿದ ಅಂಕಗಳನ್ನೂ ನಂಬೋಕೆ ಆಗಲ್ಲ.

ಚಿತ್ರ ಪರೀಕ್ಷಿಸುವುದು

ಮೊದಲ ಕೆಲಸ ಟಿಶ್ಯೂ ಎಲ್ಲಾ ಬಂದಿದೆಯಾ ನೋಡುವುದು. ಗಾಜಿನ ಸ್ಲೈಡನ್ನು ಬಿಳಿ ಕಾಗದದ ಮೇಲಿಡಿ, ಪಕ್ಕದಲ್ಲಿ ಪರದೆಯ ಪೂರ್ತಿ ಚಿತ್ರ ತೆರೆಯಿರಿ. ಒಂದೊಂದೇ ಚೂರು ಎಣಿಸಿ. ಸ್ಕ್ಯಾನರ್ ಮೊದಲು ಒಂದು ಸಣ್ಣ ಫೋಟೋ ತೆಗೆದು, ಅದರಲ್ಲಿ ಬಣ್ಣ ಕಂಡ ಜಾಗವನ್ನಷ್ಟೇ ದೊಡ್ಡದಾಗಿ ಸ್ಕ್ಯಾನ್ ಮಾಡುತ್ತದೆ. ಬ್ರೆಸ್ಟ್ ಸೆಕ್ಷನ್ನಿನ ಕೊಬ್ಬು ಆ ಸಣ್ಣ ಫೋಟೋದಲ್ಲಿ ಖಾಲಿ ಗಾಜಿನ ಹಾಗೇ ಕಾಣುತ್ತದೆ. ಸಾಫ್ಟ್‌ವೇರ್ ಅದನ್ನು ಕತ್ತರಿಸಿ ಹಾಕಿದರೆ, ಆ ಕೊಬ್ಬಿನ ಅಂಚಿನಲ್ಲಿದ್ದ ನಾಲ್ಕು ಕ್ಯಾನ್ಸರ್ ಕೋಶಗಳೂ ಅದರ ಜೊತೆ ಹೋಗುತ್ತವೆ. ಉಳಿದ ಚಿತ್ರ ಎಷ್ಟು ಚೆನ್ನಾಗಿದ್ದರೂ ನೋಡುವ ಡಾಕ್ಟರಿಗೆ ಏನೋ ತಪ್ಪಿದೆ ಅನ್ನುವ ಸುಳಿವೇ ಸಿಗೋದಿಲ್ಲ. ಎಲ್ಲಾ ತಪ್ಪಿಗಿಂತ ಇದು ದೊಡ್ಡದು ಅಂತ ನನ್ನ ಗಟ್ಟಿ ಅಭಿಪ್ರಾಯ. ಮಂಜುಮಂಜಾದ ಚಿತ್ರ ಮತ್ತೆ ಸ್ಕ್ಯಾನ್ ಮಾಡಿ ಅಂತ ತಾನೇ ಹೇಳುತ್ತದೆ, ಬಿಟ್ಟುಹೋದ ಟಿಶ್ಯೂ ಏನೂ ಹೇಳೋದಿಲ್ಲ.

ಆಮೇಲೆ ಫೋಕಸ್. ನಮ್ಮ ಸೆಕ್ಷನ್ 3ರಿಂದ 4 ಮೈಕ್ರಾನ್ ದಪ್ಪ. ಸ್ಕ್ಯಾನರಿನ ಲೆನ್ಸ್ ಒಂದು ಸಲಕ್ಕೆ ಸ್ಪಷ್ಟವಾಗಿ ಹಿಡಿಯುವ ಪದರ ಹೆಚ್ಚುಕಡಿಮೆ 1 ಮೈಕ್ರಾನ್. ಮೈಕ್ರೋಸ್ಕೋಪಿನಲ್ಲಿ ನಮ್ಮ ಬೆರಳು ಫೈನ್ ಫೋಕಸ್ ತಿರುಗಿಸುತ್ತಲೇ ಇರುತ್ತದೆ, ಒಂದೇ ಪದರ ಸ್ಕ್ಯಾನ್ ಮಾಡಿದರೆ ಪರದೆ ಮೇಲೆ ಆ ಸೌಕರ್ಯ ಇಲ್ಲ. ಹೊಟ್ಟೆಯ ಬಯಾಪ್ಸಿ ತೆರೆದು ಪೂರ್ತಿ ಜೂಮ್ ಮಾಡಿ, ಮೇಲ್ಪದರದ ಲೋಳೆಯ ಹತ್ತಿರ ಹೋಗಿ. ಎಚ್ ಪೈಲೋರಿ ಬಾಗಿದ ಕಡ್ಡಿಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತಿದೆಯಾ, ಅಥವಾ ಲೋಳೆಯಲ್ಲೇ ಕಲೆಸಿದ ಧೂಳಿನ ಹಾಗಿದೆಯಾ? ಫೋಕಸ್ ಒಂದು ಚೂರು ಮೇಲೆ ಕೂತರೆ ಎರಡನೆಯದೇ ಆಗುತ್ತದೆ.

ಎಲ್ಲರೂ ಒಂದೇ ಥರ ನೋಡಬೇಕಾದರೆ ಜಾಗ ಮೊದಲೇ ಗೊತ್ತು ಮಾಡಿ. ಇಪ್ಪತ್ತು ಸ್ಲೈಡ್, ಪ್ರತಿಯೊಂದರಲ್ಲಿ ಐದು ಜಾಗ, ಟಿಶ್ಯೂನ ನಾಲ್ಕು ಅಂಚು ಮತ್ತು ನಡು. ಪ್ರತಿ ಜಾಗಕ್ಕೆ 0 (ಮಸುಕು), 1 ಅಥವಾ 2 (ಸ್ಪಷ್ಟ). ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಲಿ, ಚಿತ್ರ ಯಾವ ಸ್ಕ್ಯಾನರಿನದು ಅಂತ ಅವರಿಗೆ ಗೊತ್ತಿರಬಾರದು. ಫೈಲಿನ ಹೆಸರು ಬದಲಿಸಿ, ಕ್ರಮ ಕಲಸಿ ಕೊಡಿ. ಇಬ್ಬರ ಅಂಕ ಬಹಳ ದೂರ ಇದ್ದರೆ ಒಟ್ಟಿಗೆ ಕೂತು 0 ಅಂದರೆ ಏನು, 2 ಅಂದರೆ ಏನು ಅಂತ ಮಾದರಿ ಚಿತ್ರ ಇಟ್ಟುಕೊಂಡು ಮಾತಾಡಿ, ಮತ್ತೆ ಹಾಕಿ. ನ್ಯೂಕ್ಲಿಯಸ್ ಸುತ್ತ ಬಿಳಿ ಗೆರೆ ಕಂಡರೆ ಶಾರ್ಪನಿಂಗ್ ಜಾಸ್ತಿ ಆಗಿದೆ ಅಂತ ತಿಳಿಯಿರಿ. ಅದು ಒಳ್ಳೆ ಫೋಕಸ್ ಅಲ್ಲ, ಹಾಗೆ ಕಾಣುತ್ತದೆ ಅಷ್ಟೇ.

ಜೋಡಣೆ ನೋಡೋದು ಸುಲಭ. ಸ್ಕ್ಯಾನರ್ ಚಿಕ್ಕ ಚಿಕ್ಕ ಚೌಕ ಅಥವಾ ಉದ್ದ ಪಟ್ಟಿಗಳಾಗಿ ತೆಗೆದು ಹೊಂದಿಸುತ್ತದೆ. ರಕ್ತನಾಳ, ಗ್ಲ್ಯಾಂಡ್ ಇವು ನೇರ ಗೆರೆಯಲ್ಲಿ ಕತ್ತರಿಸಿ ಸರಿದ ಹಾಗೆ ಇದ್ದರೆ ಜೋಡಣೆ ತಪ್ಪಿದೆ.

ಅಳತೆಗೆ ಒಂದು ಸ್ಟೇಜ್ ಮೈಕ್ರೋಮೀಟರ್ ಬೇಕು, 1 ಮಿ.ಮೀ.ಯನ್ನು ನೂರು ಭಾಗ ಮಾಡಿದ ಗಾಜು, ಎಷ್ಟೋ ಪೆಥಾಲಜಿ ವಿಭಾಗಗಳ ಡ್ರಾಯರಿನಲ್ಲಿ ಸಿಗುತ್ತದೆ. ಸ್ಕ್ಯಾನ್ ಮಾಡಿ ಪರದೆಯ ಸ್ಕೇಲಿನಿಂದ ಅಳೆಯಿರಿ. 1000 ಮೈಕ್ರಾನ್ ಬರಬೇಕು. ಅಡ್ಡ ಒಮ್ಮೆ, ಉದ್ದಕ್ಕೂ ಗೆರೆ ಇರುವ ಗಾಜಾದರೆ ಉದ್ದಕ್ಕೂ ಒಮ್ಮೆ. ಇದು ಸುಮ್ನೆ ಮಾಡುವ ಶಾಸ್ತ್ರ ಅಲ್ಲ. ಬಾಯಿ ಕ್ಯಾನ್ಸರ್‌ನಲ್ಲಿ ಗಡ್ಡೆ ಎಷ್ಟು ಆಳ ಇಳಿದಿದೆ ಅನ್ನುವುದು ಗಡ್ಡೆಯ ಗಾತ್ರದ ಜೊತೆ ಸೇರಿ ಟಿ ಹಂತವನ್ನೇ (ಗಡ್ಡೆ ಎಷ್ಟು ಬೆಳೆದಿದೆ ಅನ್ನುವ ದರ್ಜೆ) ನಿರ್ಧರಿಸುತ್ತದೆ, ಎಜೆಸಿಸಿ (ಕ್ಯಾನ್ಸರ್ ಹಂತಗಳ ನಿಯಮ ಮಾಡುವ ಅಮೆರಿಕದ ಸಮಿತಿ) ಎಂಟನೇ ಆವೃತ್ತಿಯಲ್ಲಿ ಗಡಿ 5 ಮಿ.ಮೀ. ಮತ್ತು 10 ಮಿ.ಮೀ. ಸ್ಕೇಲ್ ತಪ್ಪಿದರೆ 4.9 ಇದ್ದದ್ದು 5.2 ಆಗುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಮಾತು ಮರೆಯಬೇಡಿ: ಎಲ್ಲಾ ಸ್ಕ್ಯಾನರಿನ ಚಿತ್ರಗಳನ್ನೂ ಒಂದೇ ಮಾನಿಟರಿನಲ್ಲಿ, ಒಂದೇ ಕೋಣೆಯ ಬೆಳಕಿನಲ್ಲಿ ನೋಡಿ. ಕಂಪನಿ ತಂದ ದುಬಾರಿ ಮಾನಿಟರಿನಲ್ಲಿ ಎಲ್ಲವೂ ಚೆಂದ. ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕೆಂಪು ಕೆಂಪಾಗಿಯೇ ಇದೆಯಾ, ಮಸುಕು ಇಆರ್ ಕಂದು ಉಳಿದಿದೆಯಾ, ಖಾಲಿ ಗಾಜು ಬಿಳಿಯೇ ಅಥವಾ ಹಳದಿ ತಿರುಗಿದೆಯಾ ಅಂತ ಗಾಜು ಪಕ್ಕದಲ್ಲಿಟ್ಟು ನೋಡಿ. ಬಣ್ಣದ ಕ್ಯಾಲಿಬ್ರೇಶನ್ ಸ್ಲೈಡ್ ಸಿಕ್ಕರೆ ಸಂಖ್ಯೆಯಲ್ಲೇ ಅಳೆಯಬಹುದು. ಫೈಲಿನಲ್ಲಿ ಐಸಿಸಿ ಪ್ರೊಫೈಲ್ (ಬಣ್ಣವನ್ನು ಹೇಗೆ ತೋರಿಸಬೇಕು ಅನ್ನುವ ಮಾಹಿತಿ) ಇದೆಯಾ ಅಂತಲೂ ಕೇಳಿ.

ಫೈಲು ಮತ್ತು ಡಿಸ್ಕು

15×15 ಮಿ.ಮೀ. ಜಾಗಕ್ಕೆ 0.25 ಮೈಕ್ರಾನ್ ಅಂದರೆ 60,000 ಪಿಕ್ಸೆಲ್ ಉದ್ದ, ಅಷ್ಟೇ ಅಗಲ. ಕಂಪ್ರೆಸ್ ಮಾಡದಿದ್ದರೆ 10.8 ಜಿಬಿ. ಕಂಪ್ರೆಸ್ ಆಗಿ 0.6 ಜಿಬಿ ಆಯಿತು ಅಂದುಕೊಂಡರೂ ದಿನಕ್ಕೆ 120 ಸ್ಲೈಡಿಗೆ 72 ಜಿಬಿ, ವರ್ಷಕ್ಕೆ 300 ದಿನ ಕೆಲಸ ಹಿಡಿದರೆ 21 ಟಿಬಿ ದಾಟುತ್ತದೆ. ಯಂತ್ರದ ಬೆಲೆ ಕೇಳುವಾಗಲೇ ಇದರ ಬೆಲೆಯನ್ನೂ ಸೇರಿಸಿ. 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಅಂಥ ಒಂದು ಸ್ಲೈಡ್ ಬೆಂಗಳೂರಿಗೆ ಹೋಗೋಕೆ 4 ನಿಮಿಷ.

ಡೆಮೊ ಮುಗಿಯುವ ಮೊದಲು ಎರಡು ಫೈಲನ್ನು ನಿಮ್ಮದೇ ಕಂಪ್ಯೂಟರಿಗೆ ಹಾಕಿಸಿಕೊಂಡು ಕ್ಯುಪಾತ್‌ನಲ್ಲಿ ತೆರೆಯಿರಿ, ಅದು ಉಚಿತವಾಗಿ ಸಿಗುವ ಸಾಫ್ಟ್‌ವೇರ್. ತೆರೆಯಲಿಲ್ಲ ಅಂದರೆ ನಾಳೆ ಕಂಪನಿ ಬದಲಿಸಿದಾಗ ಹಳೆ ಚಿತ್ರಗಳೆಲ್ಲಾ ಬೀಗ ಹಾಕಿದ ಹಾಗೆಯೇ. ಸ್ಲೈಡ್ ಚಿತ್ರಗಳಿಗೆ ಡೈಕಾಮ್ (ಎಲ್ಲಾ ಕಂಪನಿಗಳಿಗೂ ಸಾಮಾನ್ಯವಾದ ವೈದ್ಯಕೀಯ ಚಿತ್ರದ ರೂಪ) ಮಾನದಂಡ 2010ರಿಂದ ಇದೆ. ಆ ರೂಪದಲ್ಲಿ ಕೊಡಬಲ್ಲಿರಾ ಅಂತ ಬರವಣಿಗೆಯಲ್ಲಿ ಕೇಳಿ.

ನಮ್ಮ ಊರಿನ ಪರೀಕ್ಷೆ

ವಿಜಯಪುರದಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಧೂಳು ಎಲ್ಲಿಂದ ಬರುತ್ತದೋ ಗೊತ್ತಾಗಲ್ಲ. ಬೆಳಗಾವಿಯಲ್ಲಿ ಮಳೆಗಾಲ ಪೂರ್ತಿ ಗಾಳಿಯಲ್ಲಿ ತೇವ, ಲೆನ್ಸಿಗೆ ಫಂಗಸ್ ಹಿಡಿಯುವ ಭಯ. ಯಂತ್ರ ಎಷ್ಟು ಡಿಗ್ರಿವರೆಗೆ, ಎಷ್ಟು ತೇವದವರೆಗೆ ಕೆಲಸ ಮಾಡುತ್ತದೆ ಅಂತ ಮ್ಯಾನುಯಲ್ ನೋಡಿ, ಎಸಿ ರಾತ್ರಿ ಬಂದ್ ಆಗುವ ಕೋಣೆಯಾದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕರೆಂಟ್ ಹೋದರೆ ಏನಾಗುತ್ತದೆ ಅಂತ ಕಂಪನಿಯವರ ಒಪ್ಪಿಗೆ ಪಡೆದು ಅವರ ಎದುರೇ ನೋಡಿ. ಸ್ಕ್ಯಾನ್ ಅರ್ಧಕ್ಕೆ ನಿಂತ ಸ್ಲೈಡ್ ಒಳಗೇ ಸಿಕ್ಕಿಕೊಂಡಿತಾ, ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯಿತಾ, ಮುಗಿದಿದ್ದ ಫೈಲುಗಳು ಉಳಿದವಾ? ಸರ್ವಿಸ್ ಎಂಜಿನಿಯರ್ ಎಲ್ಲಿಂದ ಬರುತ್ತಾರೆ, ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಮುಂಬೈಯಿಂದಲೋ, ಎಷ್ಟು ಗಂಟೆಯೊಳಗೆ ಅನ್ನುವುದನ್ನು ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರಿನಲ್ಲೇ ಬರೆಸಿ.

ಅಂಕ ಕೂಡಿಸುವುದು, ಕೊಂಡ ಮೇಲೆ ಮಾಡುವುದು

ಎಲ್ಲವನ್ನೂ ಕೂಡಿ ಒಂದು ಮೊತ್ತ ಮಾಡಬೇಡಿ. ಕೆಲವು ವಿಷಯ ಕಡ್ಡಾಯ: ಮೊದಲೇ ಬರೆದಿಟ್ಟ ಮಿತಿ ಮೀರಿ ಟಿಶ್ಯೂ ಬಿಡಬಾರದು, ಸ್ಕೇಲ್ ಸರಿ ಇರಬೇಕು, ಫೈಲ್ ಬೇರೆ ಕಡೆ ತೆರೆಯಬೇಕು. ಇದರಲ್ಲಿ ಬಿದ್ದ ಯಂತ್ರ ವೇಗದಲ್ಲಿ ಮೊದಲು ಬಂದರೂ ಹೊರಗೆ. ಉಳಿದವಕ್ಕೆ ಮಾತ್ರ ಅಂಕ. ಮೂರು ಊರಿನವರೂ ಒಂದೇ ಪಟ್ಟಿಯಲ್ಲಿ ತುಂಬಿದರೆ ಸಾಲಾಗಿಟ್ಟು ಹೋಲಿಸಬಹುದು.

ಕೊಂಡ ಮೇಲೆ ರಿಪೋರ್ಟಿಗೆ ಬಳಸುವುದಾದರೆ ವ್ಯಾಲಿಡೇಶನ್ (ಪರದೆ ನೋಡಿ ಕೊಟ್ಟ ಉತ್ತರ ಗಾಜು ನೋಡಿ ಕೊಟ್ಟದ್ದಕ್ಕೆ ಹೊಂದುತ್ತದೆಯಾ ಅಂತ ಪರೀಕ್ಷಿಸುವುದು) ಅನ್ನುವುದು ಬೇರೆಯೇ ಕೆಲಸ. ಅಮೆರಿಕದ ಪೆಥಾಲಜಿಸ್ಟರ ಸಂಘ ಸಿಎಪಿ 2013ರಲ್ಲಿ ಮಾರ್ಗಸೂಚಿ ಕೊಟ್ಟು 2021ರಲ್ಲಿ ಪರಿಷ್ಕರಿಸಿತು. ಒಂದು ಬಗೆಯ ಕೆಲಸಕ್ಕೆ ಕನಿಷ್ಠ 60 ಕೇಸು, ಐಎಚ್‌ಸಿ (ಇಆರ್ ಹಾಗೆ ನಿರ್ದಿಷ್ಟ ಪ್ರೋಟೀನಿಗೆ ಬಣ್ಣ ಹಾಕುವ ಪರೀಕ್ಷೆ) ಥರದ್ದು ಆ ಅರವತ್ತರಲ್ಲಿ ಸೇರಿಲ್ಲದಿದ್ದರೆ ಇನ್ನೂ 20. ಒಬ್ಬರೇ ಪೆಥಾಲಜಿಸ್ಟ್ ಅದೇ ಕೇಸನ್ನು ಗಾಜಿನಲ್ಲೂ ಪರದೆಯಲ್ಲೂ ನೋಡಬೇಕು, ನಡುವೆ ಕನಿಷ್ಠ 2 ವಾರ ಬಿಡಬೇಕು, ನೆನಪಿನಿಂದ ಉತ್ತರ ಬರೆಯಬಾರದು ಅಂತ. ತಮ್ಮ ಉತ್ತರಕ್ಕೆ ತಮ್ಮದೇ ಉತ್ತರವನ್ನು ಹೋಲಿಸಬೇಕು, ಪಕ್ಕದವರದ್ದಲ್ಲ. ಹೊಂದಾಣಿಕೆ ಶೇ. 95ಕ್ಕಿಂತ ಕೆಳಗೆ ಬಂದರೆ ಯಾಕೆ ಅಂತ ಹುಡುಕಬೇಕು. 60ರಲ್ಲಿ 57 ಸರಿ ಬಂದರೆ ಗಡಿಗೆ ಮುಟ್ಟಿದ ಹಾಗೆ. ಆ ಮೂರು ಕೇಸನ್ನು ಮಾತ್ರ ಹಾಗೇ ಬಿಡಬೇಡಿ, ತಪ್ಪು ಚಿತ್ರದ್ದೋ ನೋಟದ್ದೋ ಅಂತ ಗಾಜು ಮತ್ತು ಪರದೆ ಎರಡನ್ನೂ ತೆರೆದಿಟ್ಟು ನೋಡಿ. 2017ರಲ್ಲಿ ಫಿಲಿಪ್ಸ್ ಕಂಪನಿಯ ವ್ಯವಸ್ಥೆಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಬಾರಿ ಪ್ರಾಥಮಿಕ ರೋಗನಿರ್ಣಯಕ್ಕೆ ಅನುಮತಿ ಕೊಟ್ಟಿತು, ಆಮೇಲೆ ಬೇರೆಯವರಿಗೂ ಸಿಕ್ಕಿತು. ಆದರೆ ಅನುಮತಿ ಇರುವ ಯಂತ್ರ ಅಂತ ಹೇಳಿ ನಿಮ್ಮ ಲ್ಯಾಬಿನ ವ್ಯಾಲಿಡೇಶನ್ ಬಿಡೋಕಾಗಲ್ಲ. ಆ ಅನುಮತಿ ಸಿಕ್ಕಾಗ ಸ್ಲೈಡ್ ಮಾಡಿದವರು ನಿಮ್ಮ ಟೆಕ್ನೀಶಿಯನ್ ಅಲ್ಲ.

ಪೆಟ್ಟಿಗೆಯನ್ನು ಆಮೇಲೂ ಎಸೆಯಬೇಡಿ. ಯಂತ್ರ ಕೂರಿಸಿದ ದಿನ ಪೂರ್ತಿ ಪೆಟ್ಟಿಗೆ ಒಮ್ಮೆ ಸ್ಕ್ಯಾನ್ ಮಾಡಿ, ಆ ಚಿತ್ರಗಳನ್ನು ಬೇರೆ ಡಿಸ್ಕಿನಲ್ಲಿ ಇಡಿ. ಅದರಲ್ಲಿ ಹತ್ತು ಸ್ಲೈಡನ್ನು ತಿಂಗಳಿಗೊಮ್ಮೆ ಓಡಿಸಿ ಮೊದಲ ದಿನದ ಚಿತ್ರದ ಜೊತೆ ಹೋಲಿಸಿ, ಮೈಕ್ರೋಮೀಟರನ್ನೂ ಸೇರಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ, ಲ್ಯಾಂಪ್ ಬದಲಿಸಿದಾಗ, ಯಂತ್ರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಸಿದಾಗ ಕೂಡ ಇದೇ ಹತ್ತು. ಎಂಜಿನಿಯರ್ ಬಂದು ಲೆನ್ಸ್ ಒರೆಸಿ, ಸೇವಾ ಹಾಳೆ ಮುಂದಿಟ್ಟು ಸಹಿ ಕೇಳಿದಾಗ, ಹತ್ತು ಸ್ಲೈಡಿನ ಚಿತ್ರ ತೆರೆದು ನೋಡಿದ ಮೇಲೆಯೇ ಪೆನ್ನು ತೆಗೆಯಿರಿ.